ಗೋಡೆ ಮೇಲೆ ಬೂಷ್ಟು ಬಂದಿದೆಯಾ? ಬ್ಲೀಚ್ ತರೋಕೆ ಮುಂಚೆ ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕಿ

ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯೋ ಆಗುಂಬೆ ಕಡೆ ಬೂಷ್ಟು ಕಂಡ್ರೆ ಯಾರೂ ಗಾಬರಿ ಬೀಳಲ್ಲ, ಜೂನ್‌ನಲ್ಲಿ ಚಪ್ಪಲಿ, ಜುಲೈನಲ್ಲಿ ಬೆಲ್ಟು, ಆಗಸ್ಟ್ ಹೊತ್ತಿಗೆ ಬೀರು ಒಳಗಿನ ರೇಷ್ಮೆ ಸೀರೆ ಅಂತ ಅದು ತನ್ನ ಪಾಡಿಗೆ ಹಬ್ಬುತ್ತಾ ಹೋಗತ್ತೆ. ಈಗ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲೂ ಇದೇ ಗೋಳು. ಅಂಗಡೀಲಿ ಕೇಳಿದ್ರೆ ಸ್ಪ್ರೇ ಕೊಡ್ತಾರೆ, ಪೇಂಟರ್‌ನ ಕೇಳಿದ್ರೆ ಆಂಟಿ ಫಂಗಲ್ ಪೇಂಟ್ ಹೊಡೆಯೋಣ ಸಾರ್ ಅಂತಾನೆ. ಎರಡೂ ಆಮೇಲಿನ ಮಾತು. ಬೂಷ್ಟಿನ ಬೀಜಕಣ ಗಾಳೀಲಿ ಯಾವಾಗ್ಲೂ ಇದ್ದೇ ಇರತ್ತೆ, ಅದನ್ನ ಮನೆಯಿಂದ ಪೂರ್ತಿ ಓಡ್ಸೋಕಾಗಲ್ಲ, ಅದಕ್ಕೆ ಪಸೆ ಸಿಗದ ಹಾಗೆ ನೋಡ್ಕೊಳೋದಷ್ಟೇ ನಮ್ಮ ಕೈಲಿರೋದು.

ಮೊದಲು, ಅದು ನಿಜವಾಗ್ಲೂ ಬೂಷ್ಟೇನಾ ನೋಡಿ. ಗೋಡೆ ಮೇಲೆ ಬಿಳಿ ಪುಡಿ ಥರ ಎದ್ದಿದ್ರೆ ಸ್ವಲ್ಪ ನೀರು ಚಿಮುಕಿಸಿ, ಕರಗಿ ಹೋದ್ರೆ ಅದು ಇಟ್ಟಿಗೆ ಸಿಮೆಂಟಿನೊಳಗಿಂದ ಬಂದ ಲವಣ. ಅದಕ್ಕೆ ಬ್ಲೀಚ್ ಹಾಕಿ ಏನೂ ಪ್ರಯೋಜನ ಇಲ್ಲ, ಆದ್ರೆ ಗೋಡೆ ನೀರು ಕುಡೀತಿದೆ ಅನ್ನೋದಂತೂ ಗ್ಯಾರಂಟಿ. ಕಪ್ಪು, ಹಸಿರು ಚುಕ್ಕೆ, ಜೊತೆಗೆ ಮುಗ್ಗಲು ವಾಸನೆ ಇದ್ರೆ ಬೂಷ್ಟು.

ಎರಡನೇದು ನೀರಿನ ಮೂಲ. ಇಲ್ಲೇ ಎಲ್ರೂ ಅವಸರ ಮಾಡೋದು. ಬಾಧೆ ಇರೋ ಜಾಗವನ್ನ ಒರೆಸಿ ಒಣಗಿಸಿ, ಅಂಗೈ ಎರಡರಷ್ಟು ಅಗಲದ ಪ್ಲಾಸ್ಟಿಕ್ ಹಾಳೆನೋ ಅಡುಗೆಮನೆ ಫಾಯಿಲ್ಲೋ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಆಮೇಲೆ ತೆಗೆದು ನೋಡಿದಾಗ ಗೋಡೆ ಕಡೆಯ ಮೈ ಒದ್ದೆ ಇದ್ರೆ ನೀರು ಗೋಡೆಯೊಳಗಿಂದ ಬರ್ತಿದೆ, ನಮ್ಮ ಕಡೆಯ ಮೈ ಮೇಲೆ ಹನಿ ಕೂತಿದ್ರೆ ಮನೆ ಒಳಗಿನ ಗಾಳಿಯ ತೇವವೇ ತಣ್ಣಗಿನ ಗೋಡೆಗೆ ತಾಗಿ ನೀರಾಗ್ತಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಗೋಡೆಯೊಳಗಿಂದ ಅಂತಾದ್ರೆ ಕಲೆ ಎಲ್ಲಿದೆ ಅನ್ನೋದೇ ಅರ್ಧ ಉತ್ತರ ಹೇಳತ್ತೆ: ನೆಲದಿಂದ ಎರಡು ಮೂರು ಅಡಿವರೆಗೆ ಮಾತ್ರ ಇದ್ರೆ ಬುಡದಿಂದ ಏರಿದ ನೀರು, ಬಚ್ಚಲಿನ ಹಿಂದಿನ ಗೋಡೇಲಿದ್ರೆ ಪೈಪೋ ಟೈಲ್ಸ್ ಸಂದೋ ಸೋರ್ತಿದೆ, ಸೂರಿನ ಮೂಲೇಲಿದ್ರೆ ತಾರಸಿ ಹತ್ತಿ ನೀರು ಹೋಗೋ ತೂತಲ್ಲಿ ಎಲೆ ಕಟ್ಕೊಂಡಿದೆಯಾ ನೋಡಿ. ನೈಋತ್ಯದ ಗೋಡೆಗೆ ಮುಂಗಾರಿನ ಇರಚಲು ನೇರ ಹೊಡೆಯತ್ತೆ, ಮಲೆನಾಡಲ್ಲಿ ಹಿಂದೆ ಆ ಕಡೆಗೆ ಅಡಿಕೆ ಸೋಗೆ ತಟ್ಟಿ ಕಟ್ತಿದ್ದಿದ್ದು ಸುಮ್ನೆ ಅಲ್ಲ, ಈಗ ಶೀಟ್ ಇಳಿಸಿದ್ರೂ ಅದೇ ಕೆಲಸ.

ಒಳಗಿನ ತೇವ ಅಂತಾದ್ರೆ ಮುಖ್ಯ ಅಪರಾಧಿ ರೂಮಲ್ಲಿ ಹಗ್ಗ ಕಟ್ಟಿ ಒಣಗ್ಸೋ ಬಟ್ಟೆ. ಮಳೇಲಿ ಬೇರೆ ಎಲ್ಲಿ ಹಾಕೋದು ಅಂತೀರಾ, ಸರಿ, ಒಂದೇ ರೂಮಲ್ಲಿ ಹಾಕಿ, ಬಾಗಿಲು ಮುಚ್ಚಿ, ಎಕ್ಸಾಸ್ಟ್ ಇದ್ರೆ ಹಾಕಿ, ಇಲ್ದಿದ್ರೆ ಒಂದು ಕಿಟಕಿ ತೆಗೆದು ಫ್ಯಾನ್ ಬಿಡಿ. ಸ್ನಾನ ಆದ್ಮೇಲೂ ಬಚ್ಚಲಿನ ಫ್ಯಾನ್ ಸ್ವಲ್ಪ ಹೊತ್ತು ಓಡ್ಲಿ. ಬೀರು ಮಂಚ ಹೊರಗೋಡೆಗೆ ಅಂಟಿಸಿ ಇಡ್ಬೇಡಿ, ಕೈ ತೂರೋವಷ್ಟು ಜಾಗ ಬಿಟ್ರೆ ಗಾಳಿ ಆಡತ್ತೆ. ಹೊರಗೆ ಧೋ ಅಂತ ಸುರೀತಿರುವಾಗ ಎಲ್ಲಾ ಕಿಟಕಿ ತೆಗೆದಿಟ್ರೆ ಹೊರಗಿನ ತೇವವನ್ನ ನಾವೇ ಒಳಗೆ ಕರ್ಕೊಂಡ ಹಾಗೆ, ಹೊಳವಾದಾಗ ತೆಗೀರಿ. ಗಾಳೀಲಿರೋ ತೇವ ಅಳೆಯೋ ಒಂದು ಸಣ್ಣ ಹೈಗ್ರೋಮೀಟರ್ ತಂದಿಡಿ, ಆರ್ದ್ರತೆ 60 ಪರ್ಸೆಂಟ್ ಒಳಗಿದ್ರೆ ಒಳ್ಳೇದು, ಕರಾವಳೀಲಿ ಮಳೆಗಾಲಕ್ಕೆ ಅಷ್ಟು ಇಳಿಸ್ಬೇಕಂದ್ರೆ ಎಸಿಯ ಡ್ರೈ ಮೋಡ್ ಅಥವಾ ಗಾಳಿಯ ತೇವ ಎಳ್ಕೊಳೋ ಡಿಹ್ಯುಮಿಡಿಫೈಯರ್ ಮೆಷಿನ್ ಇಲ್ದೆ ಆಗೋ ಮಾತಲ್ಲ.

ಈಗ ಉಜ್ಜೋ ಕೆಲಸ. ಮೂರಡಿಗೆ ಮೂರಡಿ ಜಾಗದ ಒಳಗಿದ್ರೆ ನೀವೇ ಮಾಡ್ಬಹುದು, ಜಾಸ್ತಿ ಇದ್ರೆ ಕೆಲಸದವರನ್ನ ಕರೆಸಿ. ಆಸ್ತಮಾ ಇರೋರು, ಕೀಮೋ ತಗೊಳ್ತಿರೋರು ಆ ರೂಮಿಗೇ ಬರ್ಬಾರ್ದು. ಎನ್95 ಮಾಸ್ಕ್, ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿ. ಒಣಗಿರೋವಾಗ ಪೊರಕೆ ಹಾಕ್ಬೇಡಿ, ಬೀಜಕಣ ಮನೆಯೆಲ್ಲಾ ಹಾರತ್ತೆ. ಸ್ವಲ್ಪ ಒದ್ದೆ ಮಾಡ್ಕೊಂಡು ಸೋಪಿನ ನೀರಲ್ಲಿ ಬ್ರಶ್ ಹಾಕಿ ಉಜ್ಜಿ, ಒರೆಸಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಟೈಲ್ಸ್ ಥರ ನೀರು ಹೀರದ ಜಾಗಕ್ಕೆ ಬೇಕಾದ್ರೆ ಲೀಟರ್ ನೀರಿಗೆ 60 ಎಂಎಲ್ ಬ್ಲೀಚ್ ಸಾಕು. ಗಾರೆ, ಮರ, ಜಿಪ್ಸಮ್ ಬೋರ್ಡ್ ಒಳಗೆ ಬೂಷ್ಟಿನ ಬೇರು ಇಳಿದಿರತ್ತೆ, ಬ್ಲೀಚ್ ಅಲ್ಲೀವರೆಗೆ ಹೋಗಲ್ಲ, ಮೇಲಿನ ಬಣ್ಣ ಹೋಗಿ ನಿಮಗೆ ಖುಷಿ ಆಗತ್ತೆ ಅಷ್ಟೆ. ಮೆತ್ತಗಾದ ಬೋರ್ಡನ್ನ ಕತ್ತರಿಸಿ ಬಿಸಾಕೋದೇ ಸರಿ. ಒಂದು ಮಾತು ಮಾತ್ರ ಮರೀಬೇಡಿ, ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಆಗ್ಲಿ ವಿನೆಗರ್ ಆಗ್ಲಿ ಬೆರೆಸಲೇಬಾರ್ದು, ಕ್ಲೋರಿನ್ ಗ್ಯಾಸ್ ಬರತ್ತೆ, ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ. ಅಮೋನಿಯಾ ಇರೋ ಕ್ಲೀನರ್ ಕೂಡ ಬೇಡ.

ಬಟ್ಟೆ, ಪುಸ್ತಕವನ್ನ ಬಿಸಿಲು ಬಂದ ದಿನ ಹೊರಗೆ ತಂದು ಮೆತ್ತಗಿನ ಬ್ರಶ್‌ನಲ್ಲಿ ಕೊಡವಿ. ನುಸಿಗುಳಿಗೆ ಹುಳಕ್ಕೆ, ಬೂಷ್ಟಿಗಲ್ಲ. ಬೀರು ಒಳಗೆ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಟ್ರೆ ತೇವ ಎಳ್ಕೊಳತ್ತೆ, ಆದ್ರೆ ತೆರೆದ ರೂಮಲ್ಲಿ ಇಟ್ರೆ ದುಡ್ಡು ದಂಡ.

ಪೇಂಟ್ ಕೊನೇಗೆ, ಗೋಡೆ ಒಣಗಿದ ಮೇಲೆ, ಅಂದ್ರೆ ನಮ್ಮ ಕಡೆ ಡಿಸೆಂಬರ್ ಜನವರಿ. ಬೂಷ್ಟಿನ ಮೇಲೇ ಬಣ್ಣ ಬಳಿದ್ರೆ ಪದರ ಪದರವಾಗಿ ಎದ್ದು ಬರತ್ತೆ. ಹಳೇ ಮಣ್ಣಿನ ಗೋಡೆಗೆ ನನ್ನ ಓಟು ಸುಣ್ಣಕ್ಕೇ, ಅದರ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಹತ್ತಲ್ಲ, ಗೋಡೆಯ ತೇವವೂ ಹೊರಗೆ ಹೋಗತ್ತೆ, ಪ್ಲಾಸ್ಟಿಕ್ ಪೇಂಟ್ ಅದನ್ನ ಒಳಗೇ ಕಟ್ಟಿಹಾಕತ್ತೆ.

ಬಾಡಿಗೆ ಮನೆ ಹುಡುಕೋರು ಆದ್ರೆ ಜುಲೈ ಆಗಸ್ಟಲ್ಲೇ ಹೋಗಿ ನೋಡಿ, ಬೀರು ಸರಿಸಿ ಹಿಂದೆ ಇಣುಕಿ, ಒಂದೇ ಗೋಡೆಗೆ ಮಾತ್ರ ಹೊಸ ಪೇಂಟ್ ಹೊಡೆದಿದ್ರೆ ಯಾಕೆ ಅಂತ ಓನರ್‌ನ ಕೇಳಿ, ಅಡ್ವಾನ್ಸ್ ಕೊಡೋಕೆ ಮುಂಚೆನೇ.