ಕಾಲಿನ ರಕ್ತನಾಳ ಕಿರಿದಾಗಿದೆಯೇ ಎಂದು ಗುರುತಿಸುವ ಬಗೆ

ನಡೆಯುವಾಗ ಮೀನಖಂಡ ಹಿಡಿದುಕೊಂಡು, ಎರಡು ನಿಮಿಷ ನಿಂತರೆ ಬಿಟ್ಟು, ಮತ್ತೆ ಅಷ್ಟೇ ದೂರ ನಡೆದಾಗ ಮರಳುವ ನೋವನ್ನು ನಮ್ಮಲ್ಲಿ ಬಹಳ ಮಂದಿ ವಯಸ್ಸಿನ ಮೇಲೆ ಹಾಕಿ, ಎಣ್ಣೆ ತಿಕ್ಕಿಕೊಂಡು ಸುಮ್ಮನಾಗುತ್ತಾರೆ. ಮಂಡಿ ಸವೆತದ ನೋವು ಸಾಮಾನ್ಯವಾಗಿ ಹೀಗೆ ಅಳೆದಿಟ್ಟಂತೆ ಬರುವುದಿಲ್ಲ. ಹಾಲು ತರಲು ಹೋಗುವಾಗ ದಿನವೂ ಅದೇ ಮೂರನೆಯ ಲೈಟುಕಂಬದ ಬಳಿ ನಿಲ್ಲಬೇಕಾಗುತ್ತಿದ್ದರೆ, ಕಾಲಿಗೆ ರಕ್ತ ಒಯ್ಯುವ ಅಪಧಮನಿಯ ಬಗ್ಗೆ ಅನುಮಾನಪಡಬೇಕು.

ಬೀಡಿ, ಸಿಗರೇಟಿನ ಹೊಗೆ, ಸಕ್ಕರೆ ಕಾಯಿಲೆ ಮತ್ತು ಏರಿದ ರಕ್ತದೊತ್ತಡದಿಂದ ಅಪಧಮನಿಯ ಒಳಪದರಕ್ಕೆ ಘಾಸಿಯಾದಲ್ಲಿ ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಗೋಡೆಯೊಳಕ್ಕೆ ನುಸುಳುತ್ತದೆ. ಅದನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಕೊಬ್ಬು ತುಂಬಿಕೊಂಡು ಅಲ್ಲೇ ಉಳಿಯುತ್ತವೆ. ವರ್ಷಗಳು ಕಳೆದಂತೆ ಅವುಗಳ ಮೇಲೆ ನಾರಿನ ಹೊದಿಕೆ ಬೆಳೆದು, ಕ್ಯಾಲ್ಸಿಯಂ ಸೇರಿ, ಗೋಡೆ ಗಡುಸಾಗುತ್ತದೆ, ದಾರಿ ಕಿರಿದಾಗುತ್ತದೆ. ಕೂತಿರುವಾಗ ಸಾಲುವ ರಕ್ತ ನಡೆಯುವ ಸ್ನಾಯುವಿಗೆ ಸಾಲುವುದಿಲ್ಲ.

ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳನ್ನು ಎತ್ತಿದಾಗ ಎದ್ದು ಕಾಣುವ ನರದಂಥ ಹುರಿಯ ಪಕ್ಕದಲ್ಲಿ, ಕಿರುಬೆರಳಿನ ಕಡೆಗೆ, ಎರಡು ಬೆರಳಿಟ್ಟು ಮೃದುವಾಗಿ ಒತ್ತಿದರೆ ನಾಡಿ ಸಿಗುತ್ತದೆ. ಇನ್ನೊಂದು ನಾಡಿ ಕಣಕಾಲಿನ ಒಳಮಗ್ಗುಲಿನ ಉಬ್ಬುಮೂಳೆಯ ಹಿಂದೆ ಇದೆ. ಮೊದಲನೆಯದು ಕೆಲವು ಆರೋಗ್ಯವಂತರಲ್ಲೂ ಸಿಗದಿರಬಹುದಾದ್ದರಿಂದ ಎರಡೂ ಕಾಲುಗಳಲ್ಲಿ ಎರಡನ್ನೂ ಹುಡುಕಿ ಹೋಲಿಸಬೇಕು. ಒಂದು ಪಾದ ತಣ್ಣಗಿದ್ದರೆ, ಬೆರಳಿನ ಗಾಯ ವಾರಗಟ್ಟಲೆ ಮಾಯದಿದ್ದರೆ ವೈದ್ಯರಿಗೆ ತಪ್ಪದೆ ತೋರಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ನರಗಳು ಮಂಕಾಗಿ ನೋವೇ ತಿಳಿಯದಿರಬಹುದಾದ್ದರಿಂದ, ಅವರು ದಿನವೂ ಪಾದ ನೋಡಿಕೊಳ್ಳಲೇಬೇಕು.

ವೈದ್ಯರು ಕಣಕಾಲಿನ ಮೇಲಿನ ರಕ್ತದೊತ್ತಡವನ್ನು ತೋಳಿನದ್ದರಿಂದ ಭಾಗಿಸಿ ನೋಡುತ್ತಾರೆ. ಭಾಗಲಬ್ಧ 0.9 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ನಾಳ ಕಿರಿದಾಗಿದೆ ಎಂದರ್ಥ, 1.4 ಮೀರಿದರೆ ಗೋಡೆ ರಕ್ತದೊತ್ತಡ ಅಳೆಯುವ ಪಟ್ಟಿಗೆ ಮಣಿಯದಷ್ಟು ಗಡುಸಾಗಿರುವ ಸೂಚನೆ. ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ, ಏಕೆಂದರೆ ಕಾಲಿನಲ್ಲಿ ನಾಳ ಕಿರಿದಾದವರಿಗೆ ಹೃದಯ ಮತ್ತು ಮಿದುಳಿನ ನಾಳಗಳಲ್ಲೂ ಅದೇ ತೊಂದರೆ ಇರುವ ಸಂಭವ ಹೆಚ್ಚು.

ಬೀಡಿ, ಸಿಗರೇಟು ತೊರೆಯುವುದು ಮೊದಲ ಚಿಕಿತ್ಸೆ. ವೈದ್ಯರು ಒಪ್ಪಿದರೆ, ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುತ್ತ, ವಾರಕ್ಕೆ ಕನಿಷ್ಠ 3 ದಿನ 30ರಿಂದ 45 ನಿಮಿಷ ಕಳೆಯಬೇಕು. ಸುಮಾರು 12 ವಾರಗಳಲ್ಲಿ ಬಹಳ ಮಂದಿಗೆ ನಡೆಯುವ ದೂರ ಹೆಚ್ಚುತ್ತದೆ. ಕೊಲೆಸ್ಟರಾಲಿನ ಮಾತ್ರೆಯನ್ನು ನಡುವೆ ತಾವಾಗಿಯೇ ನಿಲ್ಲಿಸಬಾರದು.

ಕಾಲು ಇದ್ದಕ್ಕಿದ್ದಂತೆ ಬಿಳಿಚಿ, ತಣ್ಣಗಾಗಿ, ಸಹಿಸಲಾರದ ನೋವು ಬಂದರೆ ಶಾಖ ಕೊಡುತ್ತ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ರಕ್ತ ಪೂರ್ತಿ ನಿಂತ ಸ್ನಾಯು ಸುಮಾರು 6 ಗಂಟೆಗಳಲ್ಲಿ ಮರಳಿ ಬಾರದಂತೆ ಕೆಡತೊಡಗುತ್ತದೆ.