ಯಾರಿಗೆ, ಎಲ್ಲಿಂದ ಶುರು: ಪುಸ್ತಕ ಹೇಳಿ ಕೇಳಿದ ನನ್ನ ಅನುಭವ

"ನಿಮಗೆ ತುಂಬಾ ಇಷ್ಟವಾದ ಪುಸ್ತಕ ಯಾವುದು?" ಅಂತ ಕೇಳಿದರೆ ಹೆಚ್ಚಿನವರು ಒಂದು ದೊಡ್ಡ ಹೆಸರು ಹೇಳುತ್ತಾರೆ. ಪ್ರಶಸ್ತಿ ಬಂದದ್ದು, ಶಾಲೆಯಲ್ಲಿ ಪಾಠಕ್ಕಿದ್ದದ್ದು, ಎಲ್ಲರೂ ಹೊಗಳುವಂಥದ್ದು. ಅದು ಸುಳ್ಳೇನಲ್ಲ. ಆದರೆ ಇನ್ನೊಬ್ಬ ಓದುಗರಿಗೆ ಅದರಿಂದ ದಾರಿ ಸಿಗುವುದಿಲ್ಲ. ಹಾಗಾಗಿ ನಾನು ಬೇರೆ ಪ್ರಶ್ನೆ ಕೇಳುತ್ತೇನೆ: "ಯಾವ ಪುಸ್ತಕವನ್ನು ಯಾರಿಗೋ ಕೊಟ್ಟು, ಅದು ವಾಪಸ್ ಬಾರದೆ, ಮತ್ತೆ ದುಡ್ಡು ಕೊಟ್ಟು ತಗೊಂಡಿರಿ?" ಆಗ ಬರುವ ಉತ್ತರವೇ ಬೇರೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಕ್ಕು, ಆಮೇಲೆ ಹೇಳುತ್ತಾರೆ. ಆ ಹೆಸರನ್ನು ನಾನು ತಪ್ಪದೆ ಬರೆದುಕೊಳ್ಳುತ್ತೇನೆ.

ಸಾಗರ ತಾಲ್ಲೂಕಿನ ನಮ್ಮೂರಿನಲ್ಲಿ ಒಂದು ಚಿಕ್ಕ ವಾಚನಾಲಯವಿದೆ. ಸಂಜೆ ಹೊತ್ತು ಅದನ್ನು ನಾನು ನೋಡಿಕೊಳ್ಳುತ್ತೇನೆ. ಒಂದು ಗೋಡೆ ತುಂಬ ಪುಸ್ತಕ, ಒಂದು ಹಳೇ ಕಂಪ್ಯೂಟರ್, ಒಂದು ಸ್ಪೀಕರ್, ಎರಡು ಹೆಡ್‌ಫೋನ್. ಜನ ಮನೆ ಖಾಲಿ ಮಾಡುವಾಗ ತಂದುಕೊಟ್ಟ ಕ್ಯಾಸೆಟ್‌ಗಳ ಪೆಟ್ಟಿಗೆಯೂ ಇದೆ. ಇದರ ಜೊತೆಗೆ, ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರಲ್ಲ, ಅಂಥ ಉದ್ದನೆಯ ಒಂದು ಬೈಂಡ್ ಪುಸ್ತಕ. ಬಂದವರು ತಮಗೆ ಇಷ್ಟವಾದದ್ದನ್ನು ಇನ್ನೊಬ್ಬರಿಗಾಗಿ ಅದರಲ್ಲಿ ಬರೆಯುತ್ತಾರೆ. ಓದುವ ಪುಸ್ತಕವೂ ಆಗಬಹುದು, ಕೇಳುವ ಧ್ವನಿಮುದ್ರಣವೂ ಆಗಬಹುದು. ವಿಷಯ ಇಂಥದ್ದೇ ಇರಬೇಕು ಅಂತಿಲ್ಲ.

ಮೊದಮೊದಲು ಅದರಲ್ಲಿ ಹೆಸರು ಮಾತ್ರ ಇರುತ್ತಿತ್ತು. ಮುಂದೆ "ಚೆನ್ನಾಗಿದೆ, ಎಲ್ಲರೂ ಓದಲೇಬೇಕು" ಅಂತ ಸೇರಿತು. "ಎಲ್ಲರೂ ಓದಲೇಬೇಕು" ಅಂತ ಬರೆದ ಪುಸ್ತಕವನ್ನು ಯಾರೂ ಕಪಾಟಿನಿಂದ ತೆಗೆಯಲಿಲ್ಲ. ಆಮೇಲೆ ನಾನು ಪುಟಕ್ಕೆ ಗೆರೆ ಎಳೆದು ಅಂಕಣ ಮಾಡಿದೆ. ಯಾರಿಗೆ ಇದು ಸರಿ. ಯಾರಿಗೆ ಬೇಡ. ಎಲ್ಲಿಂದ ಶುರು ಮಾಡಬೇಕು. ಎಲ್ಲಿ ಕಷ್ಟವಾಗುತ್ತದೆ. ಕೊನೆಯ ಅಂಕಣ ಅಗಲವಾಗಿದೆ. ಅದು ಆ ಮಾತು ನಂಬಿ ಓದಿದವರು ತಮ್ಮ ಅನಿಸಿಕೆ ಬರೆಯುವುದಕ್ಕೆ. "ಯಾರಿಗೆ ಬೇಡ" ಅನ್ನುವ ಅಂಕಣದಿಂದಲೇ ಜಾಸ್ತಿ ಉಪಯೋಗವಾಗಿದೆ. ಒಂದು ಪುಸ್ತಕ ಯಾರಿಗೆ ಒಗ್ಗುವುದಿಲ್ಲ ಅಂತ ಹೇಳಬಲ್ಲವರು ಅದನ್ನು ನಿಜವಾಗಿ ಓದಿರುತ್ತಾರೆ. ಅಂಥವರ ಮಾತನ್ನು ಓದುಗರು ನಂಬುತ್ತಾರೆ.

ಈ ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದ ಪುಟ ಕುಮಾರವ್ಯಾಸನದು. ಬರೆಸಿದವರು ವಯಸ್ಸಾದ ಒಬ್ಬ ಅಡಿಕೆ ಬೆಳೆಗಾರರು. ಅವರ ಸಲಹೆಯಲ್ಲಿ ಸಾಹಿತ್ಯದ ಮಾತೇ ಇಲ್ಲ. "ಮಳೆ ತಡವಾದರೆ ನಮ್ಮ ಕಡೆ ವಿರಾಟಪರ್ವ ಓದಿಸ್ತಿದ್ರು. ಅಲ್ಲಿಂದ ಶುರು ಮಾಡಿ" ಅಷ್ಟೇ. ಮಳೆಗೂ ವಿರಾಟಪರ್ವಕ್ಕೂ ಏನು ಸಂಬಂಧ ಅಂತ ಹುಡುಗರು ಕೇಳಿದಾಗ ಅವರೇ ವಿವರಿಸಿದರು. ಪಾಂಡವರು ಅಜ್ಞಾತವಾಸದಲ್ಲಿರುವ ದೇಶ ಯಾವುದು ಅಂತ ಹುಡುಕುವಾಗ ಭೀಷ್ಮ ಹೇಳುತ್ತಾನೆ: ಧರ್ಮರಾಯ ಇರುವ ಕಡೆ ಮಳೆ ಬೆಳೆ ಚೆನ್ನಾಗಿರುತ್ತದೆ. ಓದಿಸಿದರೆ ಮಳೆ ಬರುತ್ತದೆ ಅನ್ನುವ ನಂಬಿಕೆಗೆ ಕಥೆಯೊಳಗೇ ಹೀಗೊಂದು ಬೇರು ಇದೆ. ಇಷ್ಟು ಗೊತ್ತಾದ ಮೇಲೆ ಪುಸ್ತಕ ತೆಗೆಯುವುದಕ್ಕೆ ಯಾರೂ ಹೆದರಲಿಲ್ಲ.

ಆದರೆ ಓದಲು ಕೂತರೆ ಕಷ್ಟ ಆಗಿಯೇ ಆಗುತ್ತದೆ. ಕುಮಾರವ್ಯಾಸನ ಹತ್ತೂ ಪರ್ವಗಳು ಭಾಮಿನಿ ಷಟ್ಪದಿಯಲ್ಲಿವೆ. ಆರು ಸಾಲಿನ ಪದ್ಯ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ 23. ಈ ಅಳತೆಗೆ ಹೊಂದಬೇಕಲ್ಲ, ಅದಕ್ಕೆ ಒಂದು ಪದ ಸಾಲಿನ ಕೊನೆಯಲ್ಲಿ ಮುರಿದು ಮುಂದಿನ ಸಾಲಿಗೆ ಹೋಗಿ ಕೂರುತ್ತದೆ. ಅಚ್ಚಿನಲ್ಲಿ ನೋಡಿದರೆ ಎಲ್ಲಿ ನಿಲ್ಲಬೇಕು, ಎಲ್ಲಿ ಬಿಡಿಸಬೇಕು ಅಂತ ತಿಳಿಯುವುದಿಲ್ಲ. ಇಲ್ಲೇ ಗಮಕ ಬೇಕು. ಗಮಕಿ ರಾಗದಲ್ಲಿ ಓದುತ್ತಾ ಅರ್ಥ ನೋಡಿಕೊಂಡು ಪದ ಒಡೆಯುತ್ತಾರೆ. ಸಾಲು ಮುಗಿದ ಕಡೆ ನಿಲ್ಲುವುದಿಲ್ಲ, ಮಾತು ಮುಗಿದ ಕಡೆ ನಿಲ್ಲುತ್ತಾರೆ. ನಮ್ಮ ಜಿಲ್ಲೆಯವರೇ ಆದ, ಮತ್ತೂರಿನ ಪಕ್ಕದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರ ವಾಚನವನ್ನು ನಾವು ಕೇಳಿಸುತ್ತೇವೆ. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಆ ದನಿಯಲ್ಲಿ ಅವಸರ ಅನ್ನುವುದೇ ಇಲ್ಲ.

ನಾವು ಅದನ್ನು ಕೇಳುವ ಕ್ರಮ ಹೀಗೆ. ಮೊದಲ ಸಲ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೇಳುವುದು. ಎರಡನೇ ಸಲ ಪುಸ್ತಕ ತೆರೆದು ಸಾಲಿನ ಮೇಲೆ ಬೆರಳಿಟ್ಟು ಕೇಳುವುದು. ಎಲ್ಲಿ ನಿಂತರೋ ಅಲ್ಲಿ ಪೆನ್ಸಿಲ್‌ನಿಂದ ಸಣ್ಣ ಗೆರೆ ಹಾಕುವುದು. ಮೂರನೇ ಸಲ ಧ್ವನಿ ನಿಲ್ಲಿಸಿ, ಆ ಗೆರೆಗಳನ್ನು ನೋಡಿಕೊಂಡು ತಾವೇ ಗಟ್ಟಿಯಾಗಿ ಓದುವುದು. ರಾಗ ಬರಬೇಕಾಗಿಲ್ಲ. ನಮ್ಮ ವಾಚನಾಲಯದಲ್ಲಿರುವುದು ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಪ್ರತಿ. ಅದರ ವಿರಾಟಪರ್ವದ ಪುಟಗಳಲ್ಲಿ ಈಗ ಬೇಕಾದಷ್ಟು ಪೆನ್ಸಿಲ್ ಗೆರೆಗಳಿವೆ. ಪುಸ್ತಕದ ಮೇಲೆ ಗೀಚಬಾರದು ಅಂತ ಉಳಿದ ಕಡೆ ಹೇಳುತ್ತೇನೆ, ಇಲ್ಲಿ ಹೇಳುವುದಿಲ್ಲ. ಹೊಸದಾಗಿ ಬಂದವರಿಗೆ ಆ ಗೆರೆಗಳೇ ಸಹಾಯ.

ಈ ಅನುಭವದ ಮೇಲೆ ನಾನು ಒಂದು ರೂಢಿ ಮಾಡಿಕೊಂಡೆ. ಯಾರಾದರೂ ಪುಸ್ತಕ ಹೇಳಿದರೆ "ಇದರ ಜೊತೆ ಏನಾದರೂ ಕೇಳುವಂಥದ್ದು ಇದೆಯಾ?" ಅಂತ ಕೇಳುತ್ತೇನೆ. ಹಾಡು ಹೇಳಿದರೆ "ಇದರ ಬಗ್ಗೆ ಓದುವಂಥದ್ದು?" ಅಂತ ಕೇಳುತ್ತೇನೆ. ಎಲ್ಲದಕ್ಕೂ ಜೋಡಿ ಸಿಗುವುದಿಲ್ಲ. ಸಿಕ್ಕಾಗ ಎರಡೂ ಮೊದಲಿಗಿಂತ ಚೆನ್ನಾಗಿ ತಿಳಿಯುತ್ತವೆ.

ಗಂಗೂಬಾಯಿ ಹಾನಗಲ್ ಅವರ ಆತ್ಮಕಥೆ 'ನನ್ನ ಬದುಕಿನ ಹಾಡು' ಹಾಗೆ ಸಿಕ್ಕ ಜೋಡಿ. ಅದನ್ನು ಹೇಳಿದವರು ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವ ಒಬ್ಬ ನರ್ಸ್. "ಅಕ್ಕಾ, ಸಂಗೀತ ನಂಗೆ ಗೊತ್ತಿಲ್ಲ. ಅವರೂ ನನ್ನ ಹಾಗೆ ಓಡಾಡಿದೋರು, ಅದಕ್ಕೆ ಓದಿದೆ" ಅಂದರು. ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಪಾಠ ಹೇಳಿಸಿಕೊಂಡರು. ಮನೆ, ಮಕ್ಕಳು, ದುಡ್ಡಿನ ತಾಪತ್ರಯ ಎಲ್ಲ ಇಟ್ಟುಕೊಂಡೇ ಹೋಗಿಬರುತ್ತಿದ್ದರು. ಹಾಗಾಗಿ "ಯಾರಿಗೆ" ಅನ್ನುವ ಅಂಕಣದಲ್ಲಿ ಆ ನರ್ಸ್ ಬರೆದದ್ದು "ದಿನಾ ಪ್ರಯಾಣ ಮಾಡುವ ಹೆಂಗಸರಿಗೆ" ಅಂತ. ಸಂಗೀತ ಬಲ್ಲವರು ಯಾರೂ ಹೀಗೆ ಬರೆಯುತ್ತಿರಲಿಲ್ಲ. ಆದರೆ ಆ ಒಂದು ಸಾಲು ನೋಡಿ ಪುಸ್ತಕ ಮನೆಯಿಂದ ಮನೆಗೆ ಹೋಯಿತು.

ಅದಕ್ಕೆ ಜೋಡಿಯಾಗಿ ನಾನು ಎರಡು ಕಾಲದ ಧ್ವನಿಮುದ್ರಣ ಕೇಳಿಸುತ್ತೇನೆ. ಮೊದಲಿಗೆ 1930ರ ದಶಕದ 78 ಆರ್‌ಪಿಎಂ ತಟ್ಟೆಗಳಿಂದ ಉಳಿದುಕೊಂಡದ್ದು. ಆ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. ಅಷ್ಟರೊಳಗೆ ರಾಗ ಹೇಳಿ ಮುಗಿಸಬೇಕಿತ್ತು. ಅಲ್ಲಿ ಅವರ ದನಿ ತೆಳು, ಎತ್ತರ. ಆಮೇಲೆ ದಶಕಗಳ ನಂತರದ ಒಂದು ದೀರ್ಘ ಗಾಯನ. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅವರ ದನಿ ದಪ್ಪವಾಯಿತು. ಅದೇ ದಪ್ಪ ದನಿಯಲ್ಲಿ ಅವರು ದೇಶವೆಲ್ಲ ಹೆಸರಾದರು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದವರು "ಇಬ್ಬರೂ ಒಬ್ಬರೇನಾ?" ಅಂತ ಕೇಳುತ್ತಾರೆ. ಆಮೇಲೆ ಪುಸ್ತಕ ಓದಿದರೆ ಆ ನಡುವಿನ ವರ್ಷಗಳಿಗೆ ತೂಕ ಬರುತ್ತದೆ.

ಹೀಗೆ ಶುರುವಾದವರು ಮಲ್ಲಿಕಾರ್ಜುನ ಮನ್ಸೂರರ 'ನನ್ನ ರಸಯಾತ್ರೆ'ಗೂ ಹೋಗುತ್ತಾರೆ. ಅದಕ್ಕೆ ಮುಂಚೆ ಅವರು ಹಾಡಿದ ವಚನಗಳನ್ನು ಕೇಳಿಸಿಬಿಡಿ. ಅಕ್ಕಮಹಾದೇವಿಯ ಮಾತು ಮೊದಲೇ ಗೊತ್ತಿರುವುದರಿಂದ ಕಿವಿ ರಾಗದ ಕಡೆ ಹೋಗಲು ಬಿಡುವು ಸಿಗುತ್ತದೆ.

ಹಕ್ಕಿಗಳ ವಿಷಯಕ್ಕೆ ಬರುತ್ತೇನೆ. ಮಲೆನಾಡಿನಲ್ಲಿ ಹಕ್ಕಿ ಕಾಣುವುದಕ್ಕಿಂತ ಕೇಳುವುದೇ ಜಾಸ್ತಿ, ಅಲ್ವಾ? ಕುಟ್ರು ಹಕ್ಕಿ ಬೆಳಗಿಂದ ಸಂಜೆವರೆಗೆ ಕೂಗುತ್ತಿರುತ್ತದೆ. ಹಸಿರು ಎಲೆಯ ನಡುವೆ ಹಸಿರು ಹಕ್ಕಿ, ಹುಡುಕಿದರೂ ಕಣ್ಣಿಗೆ ಬೀಳುವುದಿಲ್ಲ. ಚಿತ್ರವಿರುವ ಪುಸ್ತಕ ಕೊಟ್ಟರೆ ಹುಡುಗರು ಚಿತ್ರ ನೋಡುತ್ತಾರೆ, ತೋಟಕ್ಕೆ ಹೋದರೆ ಗುರುತು ಹತ್ತುವುದಿಲ್ಲ. ಇದಕ್ಕೆ ಒಬ್ಬ ಕಾಲೇಜು ಹುಡುಗ 'ಕ್ಸೆನೋ-ಕ್ಯಾಂಟೊ' ಅನ್ನುವ ಜಾಲತಾಣವನ್ನು ಬರೆಸಿದ. 2005ರಲ್ಲಿ ಶುರುವಾದದ್ದು. ಜಗತ್ತಿನ ಎಲ್ಲ ಕಡೆಯ ಹಕ್ಕಿಪ್ರಿಯರು ತಾವು ರೆಕಾರ್ಡ್ ಮಾಡಿದ ಹಕ್ಕಿಗಳ ದನಿಯನ್ನು ಅಲ್ಲಿ ಹಾಕುತ್ತಾರೆ. ದುಡ್ಡು ಕೊಡಬೇಕಿಲ್ಲ. ಯಾವ ಊರು, ಯಾವ ದಿನ, ಯಾವ ಹೊತ್ತು ಅನ್ನುವುದೂ ಇರುತ್ತದೆ. ದನಿಯ ಏರಿಳಿತದ ಚಿತ್ರವೂ ಇರುತ್ತದೆ.

ಅವನು "ಎಲ್ಲಿಂದ ಶುರು" ಅನ್ನುವಲ್ಲಿ ಬರೆದದ್ದು ನನಗೆ ತುಂಬಾ ಇಷ್ಟ. "ಅಪರೂಪದ ಹಕ್ಕಿ ಹುಡುಕಬೇಡಿ. ನಿಮ್ಮ ಮನೆ ಅಂಗಳದ ಮಡಿವಾಳ ಹಕ್ಕಿ ಕೇಳಿ. ನಮ್ಮ ಘಟ್ಟದ ಕಡೆಯಲ್ಲಿ ರೆಕಾರ್ಡ್ ಮಾಡಿದ್ದನ್ನೇ ಆರಿಸಿ." ಹೌದು, ಒಂದೇ ಜಾತಿಯ ಹಕ್ಕಿ ಬೇರೆ ಸೀಮೆಯಲ್ಲಿ ಸ್ವಲ್ಪ ಬೇರೆ ಥರ ಹಾಡಬಹುದು. ಅದರ ಕೆಳಗೆ ನಾನು ಒಂದು ಎಚ್ಚರಿಕೆ ಸೇರಿಸಿದ್ದೇನೆ: ಈ ದನಿಗಳನ್ನು ಒಳಗೆ ಕೂತು ಕೇಳಿ. ಕಾಡಿನಲ್ಲಿ, ತೋಟದಲ್ಲಿ ಮೊಬೈಲ್ ಹಿಡಿದು ಜೋರಾಗಿ ಹಾಕಬೇಡಿ. ಗೂಡು ಕಟ್ಟುವ ಕಾಲದಲ್ಲಿ ಹಕ್ಕಿ ಬೇರೊಂದು ಗಂಡು ಬಂದಿದೆ ಅಂದುಕೊಂಡು ಗೂಡು ಬಿಟ್ಟು ಓಡಾಡುತ್ತದೆ. ಮರಿಗಳಿಗೆ ತೊಂದರೆ.

ಹೋಟೆಲ್ ಅಡುಗೆಯವರೊಬ್ಬರು ಬರೆಸಿದ್ದು ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಸೀಬೆ ಇವೆಲ್ಲ ಸಮುದ್ರ ದಾಟಿ ನಮ್ಮಲ್ಲಿಗೆ ಬಂದ ಗಿಡಗಳು. ಸ್ವಾಮಿಯವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಮಾಡಿದವರು. ಅವರು ವಿಜ್ಞಾನವನ್ನು ಹರಟೆಯ ಹಾಗೆ ಬರೆಯುತ್ತಾರೆ, ಆದರೆ ವಿವರದಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ. ಅಡುಗೆಯವರು "ಯಾರಿಗೆ" ಅನ್ನುವಲ್ಲಿ ಬರೆಸಿದ್ದು: "ಸಾರು ಮಾಡೋರಿಗೆ." ಹುಳಿಗೆ ಹಸಿಮೆಣಸು ಬರುವ ಮುಂಚೆ ಖಾರಕ್ಕೆ ಏನು ಹಾಕುತ್ತಿದ್ದರು ಅಂತ ಕೇಳಿ ನೋಡಿ. ಕಾಳುಮೆಣಸು ಬೆಳೆಯುವ ನಮ್ಮೂರಲ್ಲೂ ಹುಡುಗರು ಒಂದು ಗಳಿಗೆ ತಡವರಿಸುತ್ತಾರೆ. ಈ ಪುಸ್ತಕ ಓದಿ ಮೆಚ್ಚಿದವರಿಗೆ ಅವರದೇ 'ಹಸುರು ಹೊನ್ನು' ಕೊಡುತ್ತೇನೆ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಆದರೆ ನಾನು ಪ್ರಶಸ್ತಿಯ ಮಾತೆತ್ತುವುದಿಲ್ಲ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥೆ ಅಂತ ಹೇಳುತ್ತೇನೆ. ಆ ಮಾತೇ ಅವರನ್ನು ಓದಿಗೆ ಕೂರಿಸುತ್ತದೆ.

ಕಣ್ಣು ಮಂದವಾದವರಿಗೆ ಏನು ಕೊಡುವುದು? ನನ್ನ ಅನುಭವದಲ್ಲಿ ತಾಳಮದ್ದಳೆಗಿಂತ ಒಳ್ಳೆಯದು ಇಲ್ಲ. ಯಕ್ಷಗಾನದ ಆಟದಲ್ಲಿ ವೇಷ, ಕುಣಿತ ನೋಡಬೇಕು. ಧ್ವನಿ ಮಾತ್ರ ಕೇಳಿದರೆ ಅರ್ಧ ಕಳೆದುಹೋಗುತ್ತದೆ. ತಾಳಮದ್ದಳೆಯಲ್ಲಿ ವೇಷವೇ ಇಲ್ಲ. ಹಾಡುವ ಭಾಗವತರ ಪದ, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಮಾತು, ಅಷ್ಟೇ. ಹಾಗಾಗಿ ಕ್ಯಾಸೆಟ್‌ನಲ್ಲಿ ಏನೂ ಕಳೆಯುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ನಮ್ಮಲ್ಲಿ ಹೆಡ್‌ಫೋನ್‌ಗೆ ಕಾಯುವವರಿದ್ದಾರೆ. ಪ್ರಸಂಗದ ಕಥೆ ಗೊತ್ತಿಲ್ಲದ ಚಿಕ್ಕವರಿಗೆ ಮಾತ್ರ ಮೊದಲು ಕಥೆ ಹೇಳಬೇಕು, ಇಲ್ಲವಾದರೆ ವಾದದ ರುಚಿ ಸಿಗುವುದಿಲ್ಲ. ಅದನ್ನು ಕೇಳಲು ಬರುವ ಹಿರಿಯರೇ ಹೇಳಿಕೊಡುತ್ತಾರೆ. ನನಗೆ ಅದು ತುಂಬಾ ಖುಷಿಯ ಹೊತ್ತು.

ಒಂದು ವ್ಯವಹಾರದ ಮಾತು. ಇಷ್ಟವಾದದ್ದನ್ನು ಎಲ್ಲರಿಗೂ ಕಾಪಿ ಮಾಡಿ ಕೊಡುವ ಆಸೆ ಎಲ್ಲರಿಗೂ ಇರುತ್ತದೆ. ನಮ್ಮ ದೇಶದಲ್ಲಿ ಪುಸ್ತಕದ ಹಕ್ಕು ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಧ್ವನಿಮುದ್ರಣಕ್ಕೆ ಅದು ಹೊರಬಂದ ಮೇಲೆ 60 ವರ್ಷ. ಆ ಅವಧಿ ಮುಗಿಯದ್ದನ್ನು ನಾವು ಪೂರ್ತಿ ಫೋಟೊ ತೆಗೆದು ಹಂಚುವುದಿಲ್ಲ. ಪುಸ್ತಕವಾದರೆ ಇನ್ನೊಂದು ಪ್ರತಿ ಕೊಳ್ಳುತ್ತೇವೆ, ಕ್ಯಾಸೆಟ್ ಆದರೆ ಇಲ್ಲೇ ಕೂತು ಕೇಳಿ ಅನ್ನುತ್ತೇವೆ. ಬರೆದವರಿಗೆ, ಹಾಡಿದವರಿಗೆ ನಾಲ್ಕು ಕಾಸು ಹೋಗಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕ್ಯಾಸೆಟ್‌ಗಳನ್ನು ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ತಿಂಗಳುಗಟ್ಟಲೆ ಮುಟ್ಟದೆ ಇಟ್ಟದ್ದನ್ನು ಕೇಳುವ ಮುಂಚೆ ಒಮ್ಮೆ ಪೂರ್ತಿ ಮುಂದಕ್ಕೆ, ಹಿಂದಕ್ಕೆ ಸುತ್ತಿಕೊಳ್ಳಿ.

ನೀವೂ ಇಂಥದ್ದು ಶುರು ಮಾಡುವುದಾದರೆ ದೊಡ್ಡ ಪಟ್ಟಿ ಮಾಡಲು ಹೋಗಬೇಡಿ. ಕೊನೆಯ ಅಂಕಣವನ್ನು ಮಾತ್ರ ಬಿಡಬೇಡಿ. ಓದಿದವರು ಬಂದು ಬರೆಯುವ ತನಕ ಒಂದು ಸಲಹೆ ಅರ್ಧದಲ್ಲೇ ಇದೆ ಅಂತ ತಿಳಿಯಿರಿ. "ನನಗೆ ಹಿಡಿಸಲಿಲ್ಲ" ಅನ್ನುವುದನ್ನೂ ಬರೆಸಿ, ಯಾಕೆ ಅಂತ ಕೇಳಿ. ವಿರಾಟಪರ್ವ ಹಿಡಿಸದ ಒಬ್ಬ ಹುಡುಗಿ "ಯುದ್ಧ ಬೇಗ ಬರಲ್ಲ" ಅಂತ ಬರೆದಳು. ಅವಳಿಗೆ ಕರ್ಣಪರ್ವ ಕೊಟ್ಟೆವು.

ಸದ್ಯ ನಮ್ಮ ಪುಸ್ತಕದಲ್ಲಿ ಉತ್ತರ ಬಾರದ ಒಂದು ಕೋರಿಕೆ ಇದೆ. ಕಲ್ಲು ಕಟ್ಟುವ ಮೇಸ್ತ್ರಿಯೊಬ್ಬರು ಕೆಂಪು ಜಂಬಿಟ್ಟಿಗೆ ಕಲ್ಲಿನ ಹಳೇ ಮನೆಗಳ ಬಗ್ಗೆ ಕನ್ನಡದಲ್ಲಿ ಓದುವಂಥದ್ದು ಕೇಳಿದ್ದಾರೆ. ನಕ್ಷೆ, ಅಳತೆ ಇದ್ದರೆ ಒಳ್ಳೆಯದಂತೆ. ಇಂಗ್ಲಿಷ್ ಪುಸ್ತಕ ಬೇಡ. ಹಳೇ ಮೇಸ್ತ್ರಿಗಳ ಮಾತು ರೆಕಾರ್ಡ್ ಆಗಿದ್ದರೂ ನಡೆಯುತ್ತದೆ ಅಂದಿದ್ದಾರೆ. ಗೊತ್ತಿದ್ದವರು ಹೇಳಿ. ಎಷ್ಟನೇ ಪುಟದಿಂದ ಶುರು ಮಾಡಬೇಕು ಅನ್ನುವುದನ್ನೂ ಸೇರಿಸಿ ಹೇಳಿ.