ಪೆಟ್ಟಿಗೆಯ ಮೇಲಿನ ದೇಶ, ಒಳಗಿನ ತಾಮ್ರ

ಕುಮಟಾದಲ್ಲಿ ಮಿಕ್ಸಿ, ಫ್ಯಾನು, ಗೀಸರ್ ರಿಪೇರಿ ನನ್ನ ಕಸುಬು. ಹೊಸ ಸಾಮಾನು ಕೊಳ್ಳುವ ಮೊದಲು ಅಂಗಡಿಗೆ ಬಂದು ಸಲಹೆ ಕೇಳುವವರೂ ಬಹಳ. 'ತಮ್ಮಾ, ಇದು ಚೀನಾದ್ದಲ್ಲ ಅಲ್ಲವೇ?' ಎಂಬುದೇ ಅವರ ಮೊದಲ ಪ್ರಶ್ನೆ. 2020ರ ಗಲ್ವಾನ್ ಘರ್ಷಣೆಯ ನಂತರ ಆ ಪ್ರಶ್ನೆ ಗಟ್ಟಿಯಾಯಿತು. ಅದಕ್ಕೂ ಮೊದಲು 'ಜಪಾನಿನದು ಸಿಗುತ್ತದೆಯೇ?' ಎಂದು ಕೇಳುತ್ತಿದ್ದರು. ಕೇಳುವವರ ದೇಶಾಭಿಮಾನದ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಹೊಸ ಮನೆಗೆ ಸಾಮಾನು ಕೊಳ್ಳುವ ಹೊತ್ತು ಬಂದಾಗ ನಾನು ದೇಶದ ಹೆಸರನ್ನು ಕೊನೆಗೆ ಓದಿದೆ, ಅದಕ್ಕೆ ಕಾರಣಗಳಿವೆ.

ಮೊದಲನೆಯದಾಗಿ, ಯಾವ ದೇಶ ಎನ್ನುವುದೇ ಗೊಂದಲ. ಕೊರಿಯಾದ ಎಲ್‌ಜಿ ಫ್ರಿಜ್ ಪುಣೆಯ ಬಳಿ ತಯಾರಾಗುತ್ತದೆ. ಜರ್ಮನಿಯ ಬಾಷ್ ಕಂಪನಿಗೆ ಚೆನ್ನೈ ಹತ್ತಿರ ವಾಷಿಂಗ್ ಮೆಷಿನ್ ಕಾರ್ಖಾನೆಯಿದೆ. ಐಎಫ್‌ಬಿಯ ಕಾರ್ಖಾನೆ ನಮ್ಮ ಪಕ್ಕದ ಗೋವಾದಲ್ಲೇ ಇದೆ. ಅಪ್ಪಟ ಸ್ವದೇಶಿ ಹೆಸರಿನ ಯಂತ್ರವನ್ನು ಬಿಚ್ಚಿದರೆ ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಚೀನೀ ಅಕ್ಷರಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ದೇಶಗಳ ಹೆಸರು ಕೆಡುವುದೂ ಏಳುವುದೂ ಇದ್ದದ್ದೇ. 1887ರಲ್ಲಿ ಬ್ರಿಟನ್ ಒಂದು ಕಾನೂನು ತಂದು, ಬ್ರಿಟಿಷ್ ಹೆಸರು, ಗುರುತು ಹೊತ್ತು ಬರುವ ಪರದೇಶದ ಮಾಲಿನ ಮೇಲೆ ಅದು ತಯಾರಾದ ದೇಶದ ಹೆಸರು ಇರಬೇಕೆಂದಿತು. ಅಗ್ಗದ ಜರ್ಮನ್ ಸಾಮಾನಿನಿಂದ ತನ್ನ ಜನ ದೂರವಿರಲಿ ಎಂಬುದು ಅದರ ಉದ್ದೇಶ. ಅದೇ 'ಮೇಡ್ ಇನ್ ಜರ್ಮನಿ' ಮುಂದೆ ಜಗತ್ತೇ ನಂಬುವ ಮುದ್ರೆಯಾಯಿತು. ಒಂದು ಕಾಲಕ್ಕೆ ಜಪಾನಿನ ಮಾಲು ಎಂದರೂ ಜನ ಮೂಗು ಮುರಿಯುತ್ತಿದ್ದರು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅಕ್ಕನ ಮನೆಯ ಫ್ರಿಜ್. ಅಕ್ಕ ಶಿರಸಿಯಲ್ಲಿದ್ದಾಳೆ. ಅವಳೂ ನಮ್ಮ ತಂದೆಯೂ ಒಂದೇ ಹಬ್ಬದ ರಿಯಾಯಿತಿಯಲ್ಲಿ ಒಂದೇ ಮಾದರಿಯ ಫ್ರಿಜ್ ಕೊಂಡಿದ್ದರು. ಘಟ್ಟದ ಮೇಲಿನದು ಇಂದಿಗೂ ಹೊಸದರಂತಿದೆ. ಕಡಲಿಗೆ ಹತ್ತಿರವಿರುವ ತಂದೆಯ ಮನೆಯದರಲ್ಲಿ ಬಾಗಿಲಿನ ಕೆಳಅಂಚು ಪದರ ಪದರವಾಗಿ ಉದುರುತ್ತಿದೆ. ಹಿಂಭಾಗದಲ್ಲಿ ಕಂಪ್ರೆಸರ್ ಕೂರುವ ತಗಡಿಗೆ ಬೆರಳು ಒತ್ತಿದರೆ ತೂತಾಗುವಷ್ಟು ತುಕ್ಕು. ಒಂದೇ ಕಾರ್ಖಾನೆಯಿಂದ ಬಂದ ಎರಡು ಫ್ರಿಜ್‌ಗಳ ಗತಿ ಇಷ್ಟು ಬೇರೆಯಾದದ್ದು ಉಪ್ಪುಗಾಳಿಯಿಂದ.

ಹಾಗಾಗಿ ಫ್ರಿಜ್ ಕೊಳ್ಳುವಾಗ ಅಂಗಡಿಯವರನ್ನು ಕೇಳಿಕೊಂಡು, ಅದನ್ನು ಗೋಡೆಯಿಂದ ಮುಂದಕ್ಕೆಳೆಸಿ ಹಿಂಭಾಗ ನೋಡಿದೆ. ತಗಡನ್ನು ಕತ್ತರಿಸಿದ ಅಂಚುಗಳಿಗೂ ಬಣ್ಣ ಹಿಡಿದಿದೆಯೇ, ಸ್ಕ್ರೂ ಕೂತಲ್ಲಿ ಬಣ್ಣ ಎದ್ದಿದೆಯೇ, ತಳ ಪ್ಲಾಸ್ಟಿಕ್ಕಿನದೋ ತಗಡಿನದೋ ಎಂದು ಪರೀಕ್ಷಿಸಿದೆ. ತುಕ್ಕು ಹುಟ್ಟುವುದು ಅಂಚಿನಲ್ಲಿ, ಬಾಗಿಲಿನ ನಡುವೆ ಅಲ್ಲ. ವಿದ್ಯುತ್ ಉಳಿತಾಯ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬಿಇಇಯ ನಕ್ಷತ್ರದ ಚೀಟಿಯಲ್ಲಿ ನಕ್ಷತ್ರಗಳ ಜೊತೆಗೆ, ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ ಎಂಬ ಸಂಖ್ಯೆ ಇರುತ್ತದೆ. ಎರಡು ಫ್ರಿಜ್‌ಗಳನ್ನು ಹೋಲಿಸಲು ಆ ಸಂಖ್ಯೆಯೇ ನನಗೆ ಅನುಕೂಲವಾಯಿತು.

ಮಿಕ್ಸಿಯ ವಿಷಯದಲ್ಲಿ ನನ್ನ ಹೆಂಡತಿಯದೇ ಕೊನೆಯ ಮಾತು. ನಮ್ಮಲ್ಲಿ ಬಂಗಡೆ ಸಾರಿಗಾಗಲಿ ತರಕಾರಿ ಹುಳಿಗಾಗಲಿ ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ ನುಣ್ಣಗೆ ಅರೆಯಬೇಕು. ದೋಸೆಗೆ ಅಕ್ಕಿಯನ್ನೂ ರುಬ್ಬಬೇಕು. ಹಣ್ಣಿನ ರಸಕ್ಕೆಂದು ಮಾಡಿದ ಯುರೋಪಿನ ಯಂತ್ರ ಎಷ್ಟೇ ಒಳ್ಳೆಯದಿರಲಿ, ಅದು ಈ ಕೆಲಸಕ್ಕೆ ಹುಟ್ಟಿದ್ದಲ್ಲ. ಸತ್ಯಪ್ರಕಾಶ್ ಮಾಥುರ್ ಎಂಬ ಎಂಜಿನಿಯರ್ 1960ರ ದಶಕದಲ್ಲಿ 'ಸುಮೀತ್' ಮಿಕ್ಸಿ ಮಾಡಿದ್ದೇ, ಅವರ ಹೆಂಡತಿಯ ಜರ್ಮನ್ ಮಿಕ್ಸರ್ ನಮ್ಮ ಅಡುಗೆಯ ಅರೆತಕ್ಕೆ ತಾಳದೆ ಕೆಟ್ಟಿದ್ದರಿಂದ. ಮಿಕ್ಸಿಯ ಮಟ್ಟಿಗೆ ನಾನು ಭಾರತದ್ದನ್ನೇ ಆರಿಸಿದ್ದು ಇದಕ್ಕಾಗಿ. ಅರೆಯುವ ಕೆಲಸ ಏನೆಂದು ಬಲ್ಲವರು ಮಾಡಿದ ಯಂತ್ರ ಅದು.

ಆದರೆ ಭಾರತದ ಮಿಕ್ಸಿಗಳಲ್ಲೂ ಕಳಪೆ ಬೇಕಾದಷ್ಟಿವೆ. ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತಿ, ಮೇಲೆ ಕೆಂಪು ವಾರ್ನಿಷ್ ಬಳಿದ ಮೋಟಾರುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ನೋಡಲು ತಾಮ್ರವೇ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಹೊಳೆಯುತ್ತದೆ. ಆ ತಂತಿ ಹೊರಗಿನ ತಾಮ್ರದ ವಯರಿಗೆ ಸೇರುವ ಜಾಗವನ್ನು ನಮ್ಮ ಉಪ್ಪು ತೇವ ಬೇಗ ತಿನ್ನುತ್ತದೆ, ತಂತಿ ಅಲ್ಲೇ ಕಡಿದುಹೋಗುತ್ತದೆ. ಅಂಗಡಿಯಲ್ಲಿ ಯಾರೂ ಕೆರೆಯಲು ಬಿಡುವುದಿಲ್ಲವಾದ್ದರಿಂದ 'ತಾಮ್ರದ ವೈಂಡಿಂಗ್' ಎಂದು ಬಿಲ್ಲಿನ ಮೇಲೆ ಬರೆಸಿಕೊಂಡೆ. ಬರೆಯಲು ಹಿಂಜರಿದ ಅಂಗಡಿಯಿಂದ ಎದ್ದು ಬಂದೆ. ನಂತರ ಮಿಕ್ಸಿಯನ್ನು ಮಗುಚಿ, ಹೊರೆ ಹೆಚ್ಚಾದರೆ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ಗುಂಡಿ ಇದೆಯೇ, ಜಾರನ್ನು ಮೋಟಾರಿಗೆ ಜೋಡಿಸುವ ಕಪ್ಲರ್ ಬಿಡಿಯಾಗಿ ಕುಮಟಾದಲ್ಲೇ ಸಿಗುವ ಅಳತೆಯದೇ, ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುತ್ತ ಸವೆಯುವ ಕಾರ್ಬನ್ ಬ್ರಷ್ ಬದಲಿಸಲು ಬರುತ್ತದೆಯೇ ಎಂದು ನೋಡಿದೆ. ಐಎಸ್‌ಐ ಗುರುತಿನ ಕೆಳಗಿನ ಲೈಸೆನ್ಸ್ ಸಂಖ್ಯೆಯನ್ನು, ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ 'ಬಿಐಎಸ್ ಕೇರ್' ಆ್ಯಪಿನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. ನಿಂತಲ್ಲೇ ಮುಗಿಯುವ ಕೆಲಸ. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಆ ಪಟ್ಟಿಯಲ್ಲಿ ಹೆಸರು ಸೇರಿಸುವುದು ಅಷ್ಟು ಸುಲಭವಲ್ಲ.

ಗೀಸರಿನಲ್ಲಿ ನಾನು ಹುಡುಕಿದ್ದು ಒಂದು ಕಡ್ಡಿಯನ್ನು. ಟ್ಯಾಂಕಿನೊಳಗೆ ಮೆಗ್ನೀಷಿಯಂ ಕಡ್ಡಿಯೊಂದಿರುತ್ತದೆ. ಆನೋಡ್ ಎನ್ನುತ್ತೇವೆ. ನೀರು ಟ್ಯಾಂಕಿನ ಉಕ್ಕನ್ನು ತಿನ್ನುವ ಬದಲು ಅದನ್ನು ತಿನ್ನುತ್ತದೆ. ಅಘನಾಶಿನಿ ನದಿಯ ಗಜನಿಗೆ, ಅಂದರೆ ಉಪ್ಪುನೀರು ಏರಿ ಬರುವ ಗದ್ದೆಗಳಿಗೆ, ಹತ್ತಿರದ ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೀರು ಉಪ್ಪಾಗುತ್ತದೆ. ಅಂಥ ನೀರಿನಲ್ಲಿ ಈ ಕಡ್ಡಿ ಬೇಗ ಕರಗುತ್ತದೆ. ಕರಗಿ ಪೆನ್ಸಿಲ್ಲಿನಷ್ಟು ಸಣ್ಣಗಾದ ಕಡ್ಡಿಯನ್ನು ಬದಲಿಸಿದರೆ ಟ್ಯಾಂಕು ಉಳಿಯುತ್ತದೆ, ಬಿಟ್ಟರೆ ಸೋರುತ್ತದೆ. ಟ್ಯಾಂಕು ಸೋರಿದ ಗೀಸರ್ ಗುಜರಿಗೆ. ಕಡ್ಡಿ ಬಿಡಿಯಾಗಿ ಸಿಗುವ, ತಳದಿಂದ ಬಿಚ್ಚಲು ಬರುವ ಗೀಸರನ್ನೇ ಕೊಂಡೆ.

ವಾಷಿಂಗ್ ಮೆಷಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಳಕ್ಕೆ ಇಲಿ ನುಗ್ಗದ ಜಾಳಿಗೆ, ಬೋರ್ಡಿನ ಮೇಲೆ ತೇವ ತಾಗದಂಥ ಲೇಪ, ಇವೆರಡನ್ನು ಖಚಿತಪಡಿಸಿಕೊಂಡರೆ ನಮ್ಮ ಮಳೆಗಾಲಕ್ಕೆ ಅರ್ಧ ಚಿಂತೆ ಕಳೆಯಿತು.

ಕೊಲ್ಲಿ ದೇಶಗಳಿಂದ ತಂದ ಸಾಮಾನಿನ ಮೇಲೆ ನಮ್ಮ ಕರಾವಳಿಯಲ್ಲಿ, ಭಟ್ಕಳದ ಕಡೆಯಂತೂ, ಇಂದಿಗೂ ಮೋಹವಿದೆ. ಗಟ್ಟಿಮುಟ್ಟಾದ ವಸ್ತುಗಳೇ ಅವು. ಆದರೆ ಸೌದಿಯ ವಿದ್ಯುತ್ 60 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 60 ಆವರ್ತ, ನಮ್ಮದು 50. ಅಲ್ಲಿಗೆಂದು ಮಾಡಿದ ಫ್ಯಾನಿನ ಅಥವಾ ಕಂಪ್ರೆಸರಿನ ಮೋಟಾರು ಇಲ್ಲಿ ನಿಧಾನವಾಗಿ ತಿರುಗಿ, ಹೆಚ್ಚು ಬಿಸಿಯಾಗುತ್ತದೆ. ನೆಂಟರು ಪ್ರೀತಿಯಿಂದ ಹೊತ್ತು ತಂದದ್ದು ಸುಟ್ಟು ನನ್ನ ಮೇಜಿಗೆ ಬಂದಾಗ ನಿಜಕ್ಕೂ ಸಂಕಟವಾಗುತ್ತದೆ. ಬಿಡಿಭಾಗ ಎಲ್ಲಿಂದ ತರಿಸಲಿ? ಅಂಥ ಸಾಮಾನು ಸಿಕ್ಕರೆ ಹಿಂಬದಿಯ ಫಲಕದಲ್ಲಿ ವೋಲ್ಟೇಜಿನ ಜೊತೆಗೆ ಹರ್ಟ್ಸ್ ಓದಿ. ವೋಲ್ಟೇಜು ನಮ್ಮದಕ್ಕೆ ಹೊಂದಿ, '50/60' ಎಂದೂ ಇದ್ದರೆ ನಿಶ್ಚಿಂತೆಯಿಂದ ಬಳಸಿ.

ಇಷ್ಟೆಲ್ಲ ನೋಡಿದ ಮೇಲೆ ದೇಶವನ್ನೂ ನೋಡಿದೆ. ಆಮದು ಮಾಲಿನ ಪೆಟ್ಟಿಗೆಯ ಮೇಲೆ ಮೂಲ ದೇಶ ಮತ್ತು ಆಮದುದಾರರ ಹೆಸರು, ವಿಳಾಸ ಇರಲೇಬೇಕೆಂದು ಕಾನೂನಿದೆ. ನನಗೆ ದೇಶಕ್ಕಿಂತ ಆ ವಿಳಾಸ ಮುಖ್ಯ. ಕೆಟ್ಟರೆ ಉತ್ತರ ಕೊಡಬೇಕಾದವರು ಅವರೇ. ಗುಣದಲ್ಲಿ ಎರಡು ಸಮವಾಗಿದ್ದ ಕಡೆ ಇಲ್ಲಿ ತಯಾರಾದದ್ದನ್ನೇ, ನೂರಿನ್ನೂರು ಹೆಚ್ಚಾದರೂ, ಸಂತೋಷದಿಂದ ಕೊಂಡೆ.

ಇಂಡಕ್ಷನ್ ಒಲೆ ಮಾತ್ರ ಇನ್ನೂ ಕೊಂಡಿಲ್ಲ. ಅದರ ತಳದ ಪುಟ್ಟ ಫ್ಯಾನು ತೇವದ ಗಾಳಿಯನ್ನು ನೇರ ಬೋರ್ಡಿನ ಮೇಲೆ ಎಳೆದುಕೊಳ್ಳುತ್ತದೆ. ಅದರ ಜೊತೆಗೆ ಇರುವೆ, ಜಿರಲೆ ಬೇರೆ. ಬೋರ್ಡು ಬಿಡಿಯಾಗಿ ಸಿಗುತ್ತದೆಯೇ, ಬೆಲೆ ಎಷ್ಟು ಎಂದು ಹುಬ್ಬಳ್ಳಿಯ ಇಬ್ಬರು ವಿತರಕರನ್ನು ಕೇಳಿದ್ದೇನೆ. ಅವರ ಉತ್ತರ ಬರುವವರೆಗೆ ಗ್ಯಾಸ್ ಒಲೆಯೇ ನಡೆಯುತ್ತದೆ.